ವಸಡು ಒಸರಿದರೆ ಸಕ್ಕರೆ ಏರುವುದೇಕೆ?

ಹಲ್ಲುಜ್ಜಿ ಉಗುಳಿದ ನೀರಿನಲ್ಲಿ ಕೆಂಪು ಕಂಡರೆ ನಮ್ಮಲ್ಲಿ ಹೆಚ್ಚಿನವರು ಬ್ರಷ್ ಬದಲಾಯಿಸುತ್ತಾರೆ. ಇನ್ನು ಕೆಲವರು ಆ ಜಾಗವನ್ನು ಉಜ್ಜುವುದನ್ನೇ ಬಿಡುತ್ತಾರೆ. ಡಾಕ್ಟರ ಹತ್ತಿರ ಹೋಗುವವರು ಕಡಿಮೆ, ಏಕೆಂದರೆ ನೋವಿಲ್ಲ. ಹುಳುಕು ಹಲ್ಲು ನಡುರಾತ್ರಿ ಎಬ್ಬಿಸಿ ಕೂರಿಸುತ್ತದೆ. ವಸಡಿನ ಕಾಯಿಲೆ ಮಾತ್ರ ಹಲ್ಲು ಅಲುಗಾಡುವವರೆಗೂ ಸದ್ದಿಲ್ಲದೆ ಇರುತ್ತದೆ. ಅಷ್ಟು ಹೊತ್ತಿಗೆ ಅದು ಬಾಯಿಯನ್ನು ದಾಟಿ ಮೈಯ ಬೇರೆ ಲೆಕ್ಕಾಚಾರಗಳಿಗೂ ಕೈ ಹಾಕಿರುತ್ತದೆ.

ಬಾಯಿಗೂ ಮೈಗೂ ಇರುವ ನಂಟಿನ ಬಗ್ಗೆ ಈಗ ಮಾತು ಜೋರಾಗಿದೆ. ಹೃದಯಾಘಾತ, ಮರೆವು, ಅವಧಿಗೆ ಮುಂಚಿನ ಹೆರಿಗೆ, ಎಲ್ಲಕ್ಕೂ ಹಲ್ಲೇ ಮೂಲ ಎನ್ನುವ ವಾಟ್ಸಾಪ್ ಸಂದೇಶಗಳಿಗೆ ಬರವಿಲ್ಲ. ಅವುಗಳಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ, ಕೆಲವು ಟೂತ್‌ಪೇಸ್ಟ್ ಮಾರುವವರ ಉತ್ಸಾಹ. ಸಾಕ್ಷ್ಯ ಗಟ್ಟಿಯಾಗಿರುವುದು ವಸಡಿನ ಕಾಯಿಲೆಗೂ ಸಕ್ಕರೆ ಕಾಯಿಲೆಗೂ ನಡುವಿನ ನಂಟಿಗೆ. ಐಸಿಎಂಆರ್ ನಡೆಸಿದ ರಾಷ್ಟ್ರೀಯ ಅಧ್ಯಯನ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಮೇಲೆ. ಆದ್ದರಿಂದ ಮೊದಲು ಇದನ್ನೇ ಬಿಡಿಸಿ ನೋಡೋಣ.

ಬೆಳಿಗ್ಗೆ ಎದ್ದಾಗ ನಾಲಿಗೆಗೆ ಹಲ್ಲಿನ ಬುಡ ಜಿಗುಟಾಗಿ ತಗಲುತ್ತದಲ್ಲ, ಆ ಲೋಳೆ ಊಟದ ಅಗುಳಲ್ಲ. ಅದು ಬ್ಯಾಕ್ಟೀರಿಯಾಗಳು ತಾವೇ ಕಟ್ಟಿಕೊಂಡ ಪದರ, ಹಲ್ಲಿನ ಪಾಚಿ. ಮನುಷ್ಯರ ಬಾಯಿಗಳಲ್ಲಿ ಈವರೆಗೆ ಗುರುತಿಸಿರುವ ಪ್ರಭೇದಗಳು 700ರ ಆಸುಪಾಸು. ಹೆಚ್ಚಿನವು ನಿರುಪದ್ರವಿಗಳು. ಪದರವನ್ನು ದಿನವೂ ತಿಕ್ಕಿ ಒಡೆಯದಿದ್ದರೆ ಅದು ದಪ್ಪವಾಗುತ್ತದೆ, ಒಳಭಾಗಕ್ಕೆ ಗಾಳಿ ತಲುಪುವುದಿಲ್ಲ, ಗಾಳಿ ಬೇಡದ ಜಾತಿಗಳು ಅಲ್ಲಿ ಬಲಿಯುತ್ತವೆ. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಇದೇ ಪದರದೊಳಗೆ ಇಳಿದು ಅದನ್ನು ಕಲ್ಲಾಗಿಸುತ್ತದೆ. ಒಮ್ಮೆ ಕಲ್ಲಾದ ಮೇಲೆ ಬ್ರಷ್ಷಿಗಾಗಲಿ ಪುಡಿಗಾಗಲಿ ಅದು ಜಗ್ಗುವುದಿಲ್ಲ.

ಈ ಲೋಳೆಯೇ ವಸಡಿನ ಊತಕ್ಕೆ ಕಾರಣ ಎನ್ನುವುದನ್ನು ಹೆರಾಲ್ಡ್ ಲೋ ಎಂಬ ನಾರ್ವೆಯ ದಂತವೈದ್ಯರು 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಬಹಳ ಸರಳವಾದ ಪ್ರಯೋಗದಿಂದ ತೋರಿಸಿದರು. ವಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದರು. ಇವರಲ್ಲಿ ಹೆಚ್ಚಿನವರು ದಂತವೈದ್ಯಕೀಯ ವಿದ್ಯಾರ್ಥಿಗಳೇ. 10ರಿಂದ 21 ದಿನಗಳೊಳಗೆ ಎಲ್ಲರ ವಸಡೂ ಕೆಂಪಾಗಿ ಊದಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದ ಸುಮಾರು ಒಂದು ವಾರದಲ್ಲಿ ಎಲ್ಲವೂ ಮೊದಲಿನಂತಾಯಿತು. ಅಂದರೆ ಈ ಹಂತದಲ್ಲಿ ರಕ್ತ ಬರುತ್ತಿದ್ದರೆ ಔಷಧ ಬ್ರಷ್ಷೇ. ರಕ್ತ ಬಂದ ಜಾಗವನ್ನು ಉಜ್ಜದೆ ಬಿಡುವವರು ಮಾಡುವುದು ತದ್ವಿರುದ್ಧ.

ಊದಿದ ವಸಡೆಲ್ಲ ಮುಂದಿನ ಹಂತಕ್ಕೆ ಹೋಗುತ್ತದೆಯೇ? ಲೋ ಅವರ ತಂಡ ಇದಕ್ಕೂ ಉತ್ತರ ಹುಡುಕಿತು. ಶ್ರೀಲಂಕಾದ ಚಹಾ ತೋಟಗಳಲ್ಲಿ ದುಡಿಯುತ್ತಿದ್ದ 480 ಗಂಡಸರನ್ನು 1970ರಿಂದ 15 ವರ್ಷ ಗಮನಿಸುತ್ತಾ ಹೋಯಿತು. ಅವರಿಗೆ ದಂತ ಚಿಕಿತ್ಸೆಯೂ ಇರಲಿಲ್ಲ, ಬ್ರಷ್ ಬಳಸುವ ರೂಢಿಯೂ ಇರಲಿಲ್ಲ. ಎಲ್ಲರ ಬಾಯಲ್ಲೂ ಪಾಚಿ, ಕಲ್ಲು, ಊದಿದ ವಸಡು. ಹಾಗಿದ್ದೂ ನೂರಕ್ಕೆ 11 ಜನರಲ್ಲಿ ಕಾಯಿಲೆ ಅಲ್ಲಿಂದ ಮುಂದಕ್ಕೆ ಹೋಗಲೇ ಇಲ್ಲ. 81 ಜನರಲ್ಲಿ ನಿಧಾನವಾಗಿ ಬೆಳೆಯಿತು. ಉಳಿದ 8 ಜನರಲ್ಲಿ ನಾಗಾಲೋಟದಿಂದ ಓಡಿ, 45ರ ವಯಸ್ಸಿಗೆ ಬಾಯಲ್ಲಿ ಹಲ್ಲೇ ಉಳಿಯಲಿಲ್ಲ. ಕೊಳೆ ಒಂದೇ, ಮೈ ಅದಕ್ಕೆ ಕೊಡುವ ಉತ್ತರ ಬೇರೆ ಬೇರೆ. ಅಜ್ಜ ಬ್ರಷ್ ಮುಟ್ಟದೆ ತೊಂಬತ್ತು ವರ್ಷ ಕಬ್ಬು ಸಿಗಿದು ತಿಂದರು ಎನ್ನುವವರ ಅಜ್ಜ ಬಹುಶಃ ಆ 11ರ ಗುಂಪಿನವರು. ಮೊಮ್ಮಗ ಯಾವ ಗುಂಪು ಎನ್ನುವುದು ಮೊದಲೇ ತಿಳಿಯುವುದಿಲ್ಲ.

ಮುಂದಿನ ಹಂತದಲ್ಲಿ ಆಗುವುದು ಇಷ್ಟು. ವಸಡು ಮತ್ತು ಹಲ್ಲಿನ ನಡುವೆ ಸಹಜವಾಗಿಯೇ ಒಂದರಿಂದ ಮೂರು ಮಿಲಿಮೀಟರ್ ಆಳದ ಸಂದು ಇರುತ್ತದೆ. ಪಾಚಿ ಅದರೊಳಗೆ ಇಳಿದಾಗ ಮೈಯ ರಕ್ಷಣಾ ಕಣಗಳು ಅಲ್ಲಿಗೆ ಧಾವಿಸುತ್ತವೆ. ಶತ್ರುವನ್ನು ಅಟ್ಟಲಾಗದೆ, ಕದನ ತಿಂಗಳುಗಟ್ಟಲೆ ಎಳೆಯುತ್ತದೆ. ಅದರ ಉರಿಗೆ ಹಲ್ಲನ್ನು ಹಿಡಿದಿರುವ ನಾರುಗಳೂ ದವಡೆಯ ಮೂಳೆಯೂ ಕರಗುತ್ತವೆ. ಬುಡದ ಮಣ್ಣು ಕೊರೆದುಹೋದ ಬೇಲಿಗೂಟದ ಹಾಗೆ, ಹುಳುಕೇ ಇಲ್ಲದ ಗಟ್ಟಿ ಹಲ್ಲು ಅಲುಗಾಡತೊಡಗುತ್ತದೆ. ಸಂದು ನಾಲ್ಕು, ಐದು, ಏಳು ಮಿಲಿಮೀಟರ್‌ಗೆ ಆಳವಾಗುತ್ತದೆ. ಹೋದ ಮೂಳೆ ತಾನಾಗಿ ಮರಳುವುದಿಲ್ಲ. ಹಳಬರು ಪಯೋರಿಯಾ ಎನ್ನುತ್ತಿದ್ದುದು ಇದನ್ನೇ.

ಈ ಸಂದುಗಳ ಒಳಗೋಡೆ ಹುಣ್ಣಾಗಿರುತ್ತದೆ. ಎಲ್ಲ ಹಲ್ಲುಗಳ ಸುತ್ತಲಿನ ಹುಣ್ಣನ್ನು ಕೂಡಿಸಿದರೆ ಅಂಗೈ ಅಗಲವಾಗುತ್ತದೆ ಎಂದು ಹಲವೆಡೆ ಬರೆದಿರುತ್ತಾರೆ. ಅದು ಉತ್ಪ್ರೇಕ್ಷೆ. ಕಾಯಿಲೆ ಇರುವವರಲ್ಲಿ ವಸಡು ಹಲ್ಲಿಗೆ ತಾಗುವ ಒಟ್ಟು ಹರವು 8ರಿಂದ 20 ಚದರ ಸೆಂಟಿಮೀಟರ್ ಎಂಬ ಲೆಕ್ಕವಿದೆ. ಎರಡರಿಂದ ಐದು ಐದು-ರೂಪಾಯಿ ನಾಣ್ಯಗಳಷ್ಟು ಜಾಗ ಎನ್ನಿ. ಅದೇನೂ ಕಡಿಮೆಯಲ್ಲ. ಅಗಿಯುವಾಗ, ಉಜ್ಜುವಾಗ ಅಲ್ಲಿಂದ ಬ್ಯಾಕ್ಟೀರಿಯಾಗಳು ಪ್ರತಿದಿನ ರಕ್ತಕ್ಕೆ ನುಸುಳುತ್ತವೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಹುಟ್ಟುವ ಉರಿಯೂತದ ರಾಸಾಯನಿಕಗಳು ರಕ್ತದಲ್ಲಿ ಬೆರೆತು ಮೈಯೆಲ್ಲ ಸುತ್ತುತ್ತವೆ.

ಸಕ್ಕರೆಯ ಕಥೆ ಶುರುವಾಗುವುದು ಇಲ್ಲಿ. ಇನ್ಸುಲಿನ್ ಎಂಬುದು ರಕ್ತದಲ್ಲಿರುವ ಸಕ್ಕರೆಯನ್ನು ಸ್ನಾಯುಗಳೊಳಗೆ ಕರೆದೊಯ್ಯುವ ಹಾರ್ಮೋನು. ಉರಿಯೂತದ ರಾಸಾಯನಿಕಗಳು ಅದರ ಮಾತಿಗೆ ಜೀವಕೋಶಗಳು ಕಿವುಡಾಗುವಂತೆ ಮಾಡುತ್ತವೆ. ಜ್ವರ ಬಂದಾಗ, ಕಾಲಿನಲ್ಲಿ ಕೀವಾದಾಗ ಸಕ್ಕರೆ ಏರುವುದನ್ನು ಸಕ್ಕರೆ ಕಾಯಿಲೆಯವರೆಲ್ಲ ಕಂಡಿರುತ್ತಾರೆ. ವಸಡಿನದ್ದು ಅದೇ ಬಗೆಯ ಸೋಂಕು, ಪ್ರಮಾಣ ಚಿಕ್ಕದು, ಆದರೆ ವರ್ಷದ ಅಷ್ಟೂ ದಿನ ಬಿಡುವಿಲ್ಲದೆ ನಡೆಯುವಂಥದ್ದು.

ಉಲ್ಟಾ ದಾರಿಯೂ ಇದೆ, ಅದು ಇನ್ನೂ ಅಗಲವಾದುದು. ಹತೋಟಿ ತಪ್ಪಿದ ಸಕ್ಕರೆ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಪೆಡಸಾಗಿಸುತ್ತದೆ, ರಕ್ಷಣಾ ಕಣಗಳ ಚುರುಕು ತಗ್ಗಿಸುತ್ತದೆ, ಹರಿದ ನಾರುಗಳ ದುರಸ್ತಿಯನ್ನು ನಿಧಾನಿಸುತ್ತದೆ. ಬಾಯಿ ಒಣಗುತ್ತದೆ, ಜೊಲ್ಲು ಕಡಿಮೆಯಾದರೆ ಪಾಚಿಗೆ ಹಬ್ಬ. ಸಕ್ಕರೆ ಕಾಯಿಲೆಯವರಲ್ಲಿ ವಸಡು ಗಂಭೀರವಾಗಿ ಕೆಡುವ ಅಪಾಯ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಲ್ಲಿ ಈ ವ್ಯತ್ಯಾಸ ಬಹಳ ಮಟ್ಟಿಗೆ ಕರಗುತ್ತದೆ ಎನ್ನುವುದನ್ನೂ ಜೊತೆಗೇ ಹೇಳಬೇಕು. ಕಣ್ಣು, ಮೂತ್ರಪಿಂಡ, ನರ, ರಕ್ತನಾಳಗಳ ತೊಂದರೆ ಮತ್ತು ಮಾಯದ ಗಾಯ, ಇವು ಸಕ್ಕರೆ ಕಾಯಿಲೆಯ ಐದು ಪ್ರಸಿದ್ಧ ತೊಡಕುಗಳು. 1993ರಲ್ಲಿ ಅದೇ ಹೆರಾಲ್ಡ್ ಲೋ ಒಂದು ಲೇಖನ ಬರೆದು ವಸಡಿನ ಕಾಯಿಲೆಯನ್ನು ಆರನೆಯ ತೊಡಕು ಎಂದು ಹೆಸರಿಸಿದರು.

ಹಾಗಾದರೆ ವಸಡಿಗೆ ಚಿಕಿತ್ಸೆ ಕೊಟ್ಟರೆ ಸಕ್ಕರೆ ಇಳಿಯಬೇಕಲ್ಲ? ಈ ಪ್ರಶ್ನೆಗೆ ಉತ್ತರ ನೇರವಾಗಿ ಬರಲಿಲ್ಲ. 2013ರಲ್ಲಿ ಅಮೆರಿಕದಲ್ಲಿ 514 ಜನರ ಮೇಲೆ ನಡೆದ ದೊಡ್ಡ ಪ್ರಯೋಗವೊಂದು ಆರು ತಿಂಗಳ ನಂತರ ಯಾವ ವ್ಯತ್ಯಾಸವೂ ಇಲ್ಲ ಎಂದಿತು. ವಿಮರ್ಶಕರು ಅದರ ಅಂಕಿಗಳನ್ನು ಕೆದಕಿದಾಗ, ಚಿಕಿತ್ಸೆಯ ನಂತರವೂ ಆ ರೋಗಿಗಳ ಬಾಯಲ್ಲಿ ಪಾಚಿ ಸಾಕಷ್ಟು ಉಳಿದೇ ಇತ್ತು, ವಸಡಿನಿಂದ ರಕ್ತವೂ ಬರುತ್ತಿತ್ತು. ಕೆಲಸ ಅರ್ಧವಾಗಿದ್ದರೆ ಫಲ ಹೇಗೆ ಸಿಕ್ಕೀತು ಎಂಬುದು ಅವರ ವಾದ. 2018ರಲ್ಲಿ ಲಂಡನ್ನಿನ ತಂಡವೊಂದು ವರ್ಷವಿಡೀ ಪಟ್ಟುಹಿಡಿದು ವಸಡುಗಳನ್ನು ನೋಡಿಕೊಂಡಿತು. ಆ ರೋಗಿಗಳ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕಿ, ಮೇಲುಮೇಲಿನ ಕ್ಲೀನಿಂಗ್ ಪಡೆದವರಿಗಿಂತ ಸುಮಾರು 0.6ರಷ್ಟು ಕೆಳಗಿತ್ತು. 2022ರಲ್ಲಿ ಕಾಕ್ರನ್ ಸಂಸ್ಥೆ 35 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿತು. ಮೂರು ನಾಲ್ಕು ತಿಂಗಳಿಗೆ ಇಳಿಕೆ 0.43, ಆರು ತಿಂಗಳಿಗೆ 0.30, ವರ್ಷಕ್ಕೆ 0.50. 8.4 ಇದ್ದದ್ದು 8ರ ಹತ್ತಿರ ಬಂದ ಹಾಗೆ. ಮಾತ್ರೆ ಬಿಡುವಷ್ಟು ದೊಡ್ಡ ಇಳಿಕೆಯಲ್ಲ. ಆದರೆ ಮಾತ್ರೆ, ನಡಿಗೆ, ಪಥ್ಯ ಎಲ್ಲ ಸರಿಯಿದ್ದೂ ಅಂಕಿ ಕೆಳಗಿಳಿಯದೆ ಹಟ ಹಿಡಿದವರು ಬಾಯಿಯ ಕಡೆ ನೋಡಬೇಕು ಎನ್ನುವುದಕ್ಕೆ ಇಷ್ಟು ಸಾಕು.

ನಮ್ಮಲ್ಲಿ ಹಾಗೆ ನೋಡುವವರು ಅಪರೂಪ. ಶುಗರ್ ಡಾಕ್ಟರ್ ಪಾದ ತೋರಿಸಿ ಎನ್ನುತ್ತಾರೆ, ಕಣ್ಣಿನ ಪರೀಕ್ಷೆಗೆ ಚೀಟಿ ಬರೆಯುತ್ತಾರೆ. ಬಾಯಿ ತೆರೆಸುವುದಿಲ್ಲ. ಅತ್ತ ದಂತವೈದ್ಯರಲ್ಲಿ ಅನೇಕರು ಸಕ್ಕರೆ ಇದೆಯೇ ಎಂದು ಕೇಳುವುದು ಹಲ್ಲು ಕೀಳುವ ದಿನ ಮಾತ್ರ. ಬಡ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ ಕೊಡುವ ದಂತಭಾಗ್ಯ ಯೋಜನೆ ನಮ್ಮ ರಾಜ್ಯದಲ್ಲಿ ಬಂದದ್ದು ಒಳ್ಳೆಯದೇ. ಆ ಹಲ್ಲುಗಳು ಉದುರುವುದಕ್ಕೆ ಇಪ್ಪತ್ತು ವರ್ಷ ಮುಂಚೆ ಸಕ್ಕರೆ ಕ್ಲಿನಿಕ್ಕಿನಲ್ಲಿ ಯಾರಾದರೂ ಒಂದು ಟಾರ್ಚು ಹಿಡಿದಿದ್ದರೆ ಇನ್ನೂ ಅಗ್ಗವಾಗುತ್ತಿತ್ತು.

ಹೃದಯದ ವಿಷಯದಲ್ಲಿ ಎರಡು ಬೇರೆ ಬೇರೆ ಮಾತುಗಳನ್ನು ಜನ ಕಲಸಿಬಿಡುತ್ತಾರೆ. ಒಂದು, ಹೃದಯದ ಕವಾಟಗಳಿಗೆ ತಗಲುವ ಸೋಂಕು. ಇದು ನೇರವಾದ, ಸಾಬೀತಾದ ನಂಟು. ಬಾಯಿಯ ಸ್ಟ್ರೆಪ್ಟೋಕಾಕಸ್ ಜಾತಿಯ ಬ್ಯಾಕ್ಟೀರಿಯಾಗಳು ರಕ್ತದ ಮೂಲಕ ಹೋಗಿ ಹಾಳಾದ ಅಥವಾ ಕೃತಕ ಕವಾಟದ ಮೇಲೆ ನೆಲೆಯೂರಿದರೆ ಪ್ರಾಣಕ್ಕೇ ಸಂಚಕಾರ. ಕವಾಟ ಬದಲಾಯಿಸಿಕೊಂಡವರು, ಹಿಂದೊಮ್ಮೆ ಈ ಸೋಂಕು ಬಂದಿದ್ದವರು, ಹುಟ್ಟಿನಿಂದ ಕೆಲವು ಬಗೆಯ ಹೃದಯದೋಷ ಇರುವವರು ಹಲ್ಲು ಕೀಳಿಸುವ ಅಥವಾ ವಸಡು ಶುಚಿಮಾಡಿಸುವ ಮುಂಚೆ ಆಂಟಿಬಯೋಟಿಕ್ ತೆಗೆದುಕೊಳ್ಳಬೇಕಾಗುತ್ತದೆ. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರು ನಮ್ಮಲ್ಲಿ ಬಹಳ. ಅವರು ತಮಗೆ ಬೇಕೇ ಬೇಡವೇ ಎಂದು ಹೃದ್ರೋಗ ತಜ್ಞರನ್ನು ಕೇಳಿ ಚೀಟಿ ಬರೆಸಿಟ್ಟುಕೊಳ್ಳುವುದು ಮೇಲು.

ಇನ್ನೊಂದು, ಹೃದಯಾಘಾತ. ವಸಡು ಕೆಟ್ಟವರಲ್ಲಿ ಅದು ಹೆಚ್ಚು ಕಾಣುತ್ತದೆ ಎನ್ನುವುದು ನಿಜ. ಆದರೆ ಬೀಡಿ ಸಿಗರೇಟು, ಸಕ್ಕರೆ, ಬಡತನ, ಇವು ಎರಡೂ ಕಾಯಿಲೆಗಳಿಗೆ ಸಮಾನ ಬೇರುಗಳು. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಎಲ್ಲ ಅಧ್ಯಯನಗಳನ್ನೂ ತೂಗಿ ನೋಡಿ, ನಂಟು ಇದೆ, ಆದರೆ ಒಂದು ಇನ್ನೊಂದಕ್ಕೆ ಕಾರಣ ಎನ್ನಲು ಮತ್ತು ವಸಡಿನ ಚಿಕಿತ್ಸೆಯಿಂದ ಹೃದಯಾಘಾತ ತಪ್ಪುತ್ತದೆ ಎನ್ನಲು ಪುರಾವೆ ಇಲ್ಲ ಎಂದಿತು. ಬಸಿರಿನಲ್ಲೂ ಇದೇ ಕಥೆ. ವಸಡಿನ ಕಾಯಿಲೆ ಇರುವವರಲ್ಲಿ ದಿನ ತುಂಬದ ಹೆರಿಗೆ ಹೆಚ್ಚು ಕಂಡಿದ್ದರಿಂದ, ಬಸಿರಿಯರಿಗೆ ಚಿಕಿತ್ಸೆ ಕೊಟ್ಟು ನೋಡಿದರು. 2006ರ ದೊಡ್ಡ ಪ್ರಯೋಗದಲ್ಲಿ ಅಂಥ ಹೆರಿಗೆಗಳೇನೂ ತಗ್ಗಲಿಲ್ಲ. ಚಿಕಿತ್ಸೆ ತಾಯಿಗೂ ಮಗುವಿಗೂ ಸುರಕ್ಷಿತ ಎನ್ನುವುದು ಮಾತ್ರ ಖಚಿತವಾಯಿತು, ಬಸಿರಿಯರು ಹಲ್ಲಿನ ಡಾಕ್ಟರ ಹತ್ತಿರ ಹೋಗಬಾರದು ಎನ್ನುವ ಅತ್ತೆಯರಿಗೆ ಅಷ್ಟೇ ಉತ್ತರ ಸಾಕು. ಮರೆವಿನ ಕಾಯಿಲೆಗೆ ವಸಡಿನ ಬ್ಯಾಕ್ಟೀರಿಯಾವೇ ಕಾರಣ ಎಂದು 2019ರಲ್ಲಿ ದೊಡ್ಡ ಸುದ್ದಿಯಾಯಿತು. ಅದನ್ನು ಗುರಿಯಿಟ್ಟು ಮಾಡಿದ ಔಷಧ 2021ರಲ್ಲಿ ಪರೀಕ್ಷೆಯಲ್ಲಿ ಸೋತಿತು. ಆ ಸುದ್ದಿ ಅಷ್ಟು ದೂರ ಹೋಗಲಿಲ್ಲ.

ಇಷ್ಟು ಬಿಗಿಯಾಗಿ ಹೇಳಲು ಕಾರಣವಿದೆ. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1910ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಭಾಷಣ ಮಾಡಿ, ಬಾಯಿಯ ಕೊಳೆಯೇ ಹತ್ತಾರು ಕಾಯಿಲೆಗಳ ಮೂಲ ಎಂದು ಗುಡುಗಿದರು. ಮುಂದಿನ ಎರಡು ಮೂರು ದಶಕ ಪಶ್ಚಿಮದ ದೇಶಗಳಲ್ಲಿ ಕೀಲುನೋವಿಗೆ, ಸುಸ್ತಿಗೆ, ಕೊನೆಗೆ ಮಾನಸಿಕ ಕಾಯಿಲೆಗೂ ಒಳ್ಳೊಳ್ಳೆಯ ಹಲ್ಲುಗಳನ್ನು ಕಿತ್ತು ಹಾಕಿದರು. ರೋಗ ಹೋಗಲಿಲ್ಲ, ಹಲ್ಲು ಹೋಯಿತು. ಬಾಯಿಯೇ ಎಲ್ಲದಕ್ಕೂ ಕಾರಣ ಎನ್ನುವ ಅತಿಯ ಬೆನ್ನಿಗೇ, ಬಾಯಿಗೂ ಮೈಗೂ ಸಂಬಂಧವೇ ಇಲ್ಲ ಎನ್ನುವ ಇನ್ನೊಂದು ಅತಿ ಬಂತು. ಅದರಿಂದ ವೈದ್ಯಲೋಕ ಇನ್ನೂ ಪೂರ್ತಿ ಹೊರಬಂದಿಲ್ಲ.

ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದರೆ ಇದೊಂದನ್ನು ತಪ್ಪದೆ ಗಮನಿಸಿ. ನುಂಗುವ ಶಕ್ತಿ ತಗ್ಗಿದವರಲ್ಲಿ ಬಾಯಿಯ ಬ್ಯಾಕ್ಟೀರಿಯಾ ಜೊಲ್ಲಿನೊಂದಿಗೆ ಶ್ವಾಸಕೋಶಕ್ಕೆ ಜಾರಿ ನ್ಯುಮೋನಿಯಾ ತರುತ್ತದೆ. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದ ಪ್ರಯೋಗದಲ್ಲಿ, ಪ್ರತಿ ಊಟದ ನಂತರ ಆರೈಕೆ ಮಾಡುವವರೇ ಹಲ್ಲುಜ್ಜಿದ ಗುಂಪಿನಲ್ಲಿ ನೂರಕ್ಕೆ 11 ಜನರಿಗೆ, ಹಾಗೆ ಮಾಡದ ಗುಂಪಿನಲ್ಲಿ 19 ಜನರಿಗೆ ನ್ಯುಮೋನಿಯಾ ಬಂತು. ಹಲ್ಲುಸೆಟ್ ಇರುವವರು ರಾತ್ರಿ ಅದನ್ನು ತೆಗೆದು, ಉಜ್ಜಿ, ನೀರಿನಲ್ಲಿಟ್ಟು ಮಲಗಬೇಕು. ಹಾಕಿಕೊಂಡೇ ಮಲಗುವ ಅತಿ ವೃದ್ಧರಲ್ಲಿ ನ್ಯುಮೋನಿಯಾದ ಅಪಾಯ ಎರಡು ಪಟ್ಟಿಗೂ ಹೆಚ್ಚೆಂದು ಜಪಾನಿನದ್ದೇ ಇನ್ನೊಂದು ಅಧ್ಯಯನ ಹೇಳುತ್ತದೆ.

ಎಲೆಅಡಿಕೆಯ ಮಾತು ಎತ್ತದೆ ಮುಂದೆ ಹೋಗುವಂತಿಲ್ಲ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಬರೆಯುವುದು ಮುಜುಗರದ ಕೆಲಸ, ಆದರೂ ಸತ್ಯ ಇಷ್ಟು: ಹೊಗೆಸೊಪ್ಪು ಸೇರಿಸದ ಎಲೆಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಜಗಿಯುವವರಿಗೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಪರೀಕ್ಷೆಯಿದೆ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಕೆಳಗಿನ ಮುಂಹಲ್ಲುಗಳ ನಡುವೆ ತೂರಿಸಿ. ಹಿಡಿಸದಿದ್ದರೆ, ಅಥವಾ ಸಪ್ಪೆ ಸಾರೂ ಬಾಯಿ ಉರಿಸುತ್ತಿದ್ದರೆ, ಕೆನ್ನೆಯ ಒಳಪದರ ಬಿಗಿಯುತ್ತಿದೆ ಎಂದರ್ಥ. ತಡಮಾಡದೆ ತೋರಿಸಿ. ಸೇದುವವರಿಗೆ ಇನ್ನೊಂದು ಎಚ್ಚರಿಕೆ: ತಂಬಾಕು ವಸಡಿನಲ್ಲಿ ರಕ್ತ ಬರುವುದನ್ನು ಮರೆಮಾಚುತ್ತದೆ. ರಕ್ತವಿಲ್ಲ, ಹಾಗಾಗಿ ಎಲ್ಲ ಸರಿಯಿದೆ ಎನ್ನುವ ಸಮಾಧಾನ ಅವರಿಗೆ ಸಲ್ಲದು.

ವಸಡಿನ ಎಲ್ಲ ತೊಂದರೆಯೂ ಪಾಚಿಯಿಂದಲೇ ಬರುವುದಿಲ್ಲ. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್, ಮೂರ್ಛೆರೋಗದ ಫೆನಿಟಾಯಿನ್ ಕೆಲವರಲ್ಲಿ ವಸಡನ್ನು ಹಲ್ಲಿನ ಮೇಲೆ ಬೆಳೆಸುತ್ತವೆ. ಮಳೆಗಾಲದಲ್ಲಿ ಜ್ವರದ ಜೊತೆ ಇದ್ದಕ್ಕಿದ್ದಂತೆ ವಸಡಿನಿಂದ ರಕ್ತ ಬಂದರೆ ಡೆಂಗಿಯನ್ನು ನೆನೆಯಬೇಕು, ಬ್ರಷ್ಷನ್ನಲ್ಲ. ಮೂಳೆಸವೆತಕ್ಕೆ ಜೋಲೆಡ್ರೋನಿಕ್ ಆಮ್ಲದ ಇಂಜೆಕ್ಷನ್ ಪಡೆದವರು ಹಲ್ಲು ಕೀಳಿಸುವ ಮುಂಚೆ ಅದನ್ನು ಹೇಳಲೇಬೇಕು, ದವಡೆಯ ಗಾಯ ಮಾಯದೇ ಉಳಿಯುವ ಅಪಾಯವಿದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಿ ಹೋಗಬೇಡಿ. ನಡೆದಾಗ ಬಂದು ಕೂತಾಗ ಹೋಗುವ ಎಡದವಡೆಯ ನೋವು ಹಲ್ಲಿನದ್ದಲ್ಲ, ಹೃದಯದ್ದಿರಬಹುದು. ಕೆಳದವಡೆಯ ಅಡಿಯಲ್ಲಿ ಗಟ್ಟಿಯಾಗಿ ಊದಿಕೊಂಡು ನುಂಗಲು, ಉಸಿರಾಡಲು ಕಷ್ಟವಾದರೆ ಹಲ್ಲಿನ ಕ್ಲಿನಿಕ್ಕಿಗಲ್ಲ, ನೇರ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ಇನ್ನು ಉಜ್ಜುವ ವಿಧಾನ. ಇಂದು ದಂತವೈದ್ಯರು ಕಲಿಸುವ ಪದ್ಧತಿಯನ್ನು ರೂಪಿಸಿದ ಚಾರ್ಲ್ಸ್ ಬಾಸ್ ದಂತವೈದ್ಯರಲ್ಲ. ಮಲೇರಿಯಾದ ಪರಾವಲಂಬಿಯನ್ನು 1912ರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿ ತೋರಿಸಿದ ಅಮೆರಿಕದ ವೈದ್ಯರು. ನಿವೃತ್ತಿಯ ಕಾಲದಲ್ಲಿ ಹಲ್ಲಿನ ಕಡೆ ತಿರುಗಿದರು. ಅವರು ಹೇಳಿದ್ದು: ಮೆದುವಾದ ಬ್ರಷ್ಷನ್ನು ಹಲ್ಲಿಗೂ ವಸಡಿಗೂ ಸೇರುವ ಗೆರೆಯ ಮೇಲೆ ಓರೆಯಾಗಿ, 45 ಡಿಗ್ರಿಯಲ್ಲಿ ಇಡಿ. ಎಳೆಗಳ ತುದಿ ಸಂದಿನೊಳಗೆ ಇಳಿಯಲಿ. ಇದ್ದಲ್ಲೇ ಸಣ್ಣದಾಗಿ ಅಲುಗಿಸಿ, ಮುಂದಿನ ಎರಡು ಹಲ್ಲಿಗೆ ಸರಿಯಿರಿ. ಪಾತ್ರೆ ತಿಕ್ಕುವ ಬಲ ಬೇಕಿಲ್ಲ. ಇದ್ದಿಲು, ಇಟ್ಟಿಗೆಪುಡಿ ಹಲ್ಲನ್ನು ಸವೆಸುತ್ತವೆಯೇ ಹೊರತು ಸಂದಿಗೆ ಇಳಿಯುವುದಿಲ್ಲ. ಬೇವಿನ ಕಡ್ಡಿ ಮುಂಭಾಗವನ್ನು ಚೊಕ್ಕ ಮಾಡೀತು, ನಾಲಿಗೆ ಕಡೆಯ ಮೈಯನ್ನೂ ಕೊನೆಯ ದವಡೆಹಲ್ಲನ್ನೂ ಮುಟ್ಟುವುದು ಕಷ್ಟ. ಎರಡು ಹಲ್ಲುಗಳ ನಡುವಿನ ಜಾಗಕ್ಕಂತೂ ಯಾವ ಬ್ರಷ್ಷೂ ಹೋಗುವುದಿಲ್ಲ. ಕಾಯಿಲೆ ಶುರುವಾಗುವುದು ಹೆಚ್ಚಾಗಿ ಅಲ್ಲೇ. ಸಂದು ಕಿರಿದಿದ್ದರೆ ದಾರದಂಥ ಫ್ಲಾಸ್, ಅಗಲವಾಗಿದ್ದರೆ ಸಂದಿಗೆಂದೇ ಸಿಗುವ ಪುಟ್ಟ ಬ್ರಷ್, ರಾತ್ರಿ ಮಲಗುವ ಮುಂಚೆ ಒಮ್ಮೆ.

ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ನಂಬಿಕೆ ಮನೆಮನೆಯಲ್ಲೂ ಇದೆ. ಆಗುವುದೇನೆಂದರೆ, ಮೂಳೆ ಕರಗಿದ ಜಾಗವನ್ನು ಕಲ್ಲು ತುಂಬಿಕೊಂಡು ಅಲುಗುವ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತದೆ. ಕಲ್ಲು ತೆಗೆದ ದಿನ ಸಂದು ಬಯಲಾಗುತ್ತದೆ, ಊತ ಇಳಿದು ವಸಡು ಕುಗ್ಗುತ್ತದೆ, ತಣ್ಣೀರು ಜುಮ್ಮೆನ್ನುತ್ತದೆ. ಬೈಗುಳ ಡಾಕ್ಟರಿಗೆ. ಜುಮ್ಮು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಗ್ಗುತ್ತದೆ.

ಸಕ್ಕರೆ ಇರುವವರು ಮೊದಲ ಭೇಟಿಯಲ್ಲೇ ಕೇಳಬೇಕಾದದ್ದು, ಸಂದಿನ ಆಳ ಅಳೆದು ಬರೆದುಕೊಡಿ ಎಂದು. ಅದಕ್ಕೆ ಮಿಲಿಮೀಟರ್ ಗುರುತಿರುವ ಸಣ್ಣ ಕಡ್ಡಿಯಿದೆ, ಕೆಲವೇ ನಿಮಿಷಗಳ ಕೆಲಸ. ಖಾಸಗಿ ಕ್ಲಿನಿಕ್ ದುಬಾರಿ ಎನ್ನಿಸಿದರೆ ಸರ್ಕಾರಿ ಮತ್ತು ಇತರ ದಂತವೈದ್ಯಕೀಯ ಕಾಲೇಜುಗಳಲ್ಲಿ ಕಡಿಮೆ ಖರ್ಚಿನಲ್ಲಿ ಆಗುತ್ತದೆ, ಸ್ವಲ್ಪ ಕಾಯಬೇಕಷ್ಟೇ. ಬೆಳಗಿನ ಹೊತ್ತು, ತಿಂಡಿ ತಿಂದು, ಎಂದಿನ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡೇ ಹೋಗಿ. ಖಾಲಿ ಹೊಟ್ಟೆಯಲ್ಲಿ ಕುರ್ಚಿ ಮೇಲೆ ಕೂತರೆ ಸಕ್ಕರೆ ಕುಸಿಯಬಹುದು. ನಾಲ್ಕು ಮಿಲಿಮೀಟರ್ ದಾಟಿದ ಸಂದುಗಳಿದ್ದರೆ ಮೇಲುಮೇಲಿನ ಸ್ಕೇಲಿಂಗ್ ಸಾಲದು, ವಸಡಿನ ಅಡಿಗಿಳಿದು ಬೇರಿನ ಮೈಯನ್ನೂ ಚೊಕ್ಕ ಮಾಡಿಸಬೇಕಾಗುತ್ತದೆ. ಅದು ಒಂದೇ ದಿನಕ್ಕೆ ಮುಗಿಯುವುದಿಲ್ಲ. ಮೂರು ತಿಂಗಳ ನಂತರ ಸಂದುಗಳನ್ನು ಮತ್ತೆ ಅಳೆಯಲು ಕರೆಯುತ್ತಾರೆ. ಅದೇ ವಾರ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಮಾಡಿಸಿ, ಎರಡೂ ಚೀಟಿಗಳನ್ನು ಶುಗರ್ ಡಾಕ್ಟರ ಮೇಜಿನ ಮೇಲೆ ಒಟ್ಟಿಗೇ ಇಡಿ.